ಆರು ಸ್ಟಾಪು ಮುಂದಕ್ಕೆ

ಮದ್ದೂರಿಗೆ ಇಳಿಯೋರು ಮದ್ದೂರಿಗೇ ಟಿಕೆಟ್ ತಗೋತಾರೆ.
ಇಪ್ಪತ್ತೆರಡು ವರ್ಷ ಹರಿದು ಕೊಟ್ಟ ಕೈ ಇದು,
ಲೆಕ್ಕ ನನಗೆ ಗೊತ್ತು.
ಈ ಟ್ರಾವೆಲ್ಸ್ ಹುಡುಗ ಹೇಳ್ತಾನೆ:
ಹೋಗಿ ಬರೋದು ಎಂಟೇ ದಿನವಾದರೂ
ಪಾಸ್‌ಪೋರ್ಟಿಗೆ ಇನ್ನಾರು ತಿಂಗಳು ಜೀವ ಇರಬೇಕು ಮೇಡಂ,
ನಿಮ್ಮದು ನಾಲ್ಕಕ್ಕೇ ಮುಗೀತದೆ.

ಅಂದರೆ ಮದ್ದೂರಿಗೆ ಹೋಗೋಳು
ರಾಮನಗರದ ಕಾಸು ಕೊಡಬೇಕು.
ಹೀಗಂತ ಬಸ್ಸಲ್ಲಿ ನಾನು ಕೇಳಿದ್ದರೆ
ಚೆಕಿಂಗಿನವರು ಮೆಮೋ ಬರೀತಿದ್ದರು.

ಕೊಲಂಬೋದಲ್ಲಿ ಚಕ್ರ ಎಸೆತ,
ನಲವತ್ತೈದು ದಾಟಿದ ಹೆಂಗಸರದು.
ಇಪ್ಪತ್ತೆಂಟು ದಿನ ಉಳಿದಿದೆ.

ಹಳೇದನ್ನ ಟ್ರಂಕಿನಿಂದ ತೆಗೆದೆ. ನುಸಿಗುಳಿಗೆಯ ವಾಸನೆ.
ಮೂವತ್ತಾರು ಪುಟ, ಒಂದರ ಮೇಲೂ ಮೊಹರಿಲ್ಲ.
ಸಿಂಗಪುರಕ್ಕೆ ಅಂತ ಮಾಡಿಸಿದ್ದು,
ಆ ವಾರ ರಜೆ ಕೊಡಲಿಲ್ಲ.
ಹತ್ತದ ಬಸ್ಸಿನ ಟಿಕೆಟು
ಹತ್ತು ವರ್ಷ ಸೀರೆಯ ಮಡಿಕೆಯೊಳಗೆ ಕೂತಿತ್ತು.

ಮೈಸೂರಲ್ಲಿ ಟೋಕನ್ ಹಿಡಿದು ಕಾದೆ.
ಕೌಂಟರಿನ ಹುಡುಗಿ ಕ್ಯಾಮೆರಾ ತಿರುಗಿಸಿ
ನಗಬೇಡಿ ಅಂದಳು.
ಡಿಪೋದಲ್ಲಿ ಇಷ್ಟು ವರ್ಷ
ನನಗೆ ಹಾಗೆ ಹೇಳೋ ಪ್ರಮೇಯವೇ ಬಂದಿರಲಿಲ್ಲ.
ಆಮೇಲೆ ಕತ್ತರಿ ತಗೊಂಡು
ಹಳೇದರ ಮೂಲೆ ಕಚಕ್,
ಮೇಕೆಯ ಕಿವಿಗೆ ಗುರುತು ಮಾಡಿದ ಹಾಗೆ.

ಶನಿವಾರ ಮಂಡ್ಯದ ಮನೆಗೆ ಠಾಣೆಯಿಂದ ಬಂದರು.
ಅಕ್ಕಪಕ್ಕದ ಇಬ್ಬರ ಸಹಿ ಬೇಕಂತೆ.
ಎಡಕ್ಕೆ ದರ್ಜಿ ಫಯಾಜ್,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹಾಕಿಕೊಟ್ಟ.
ಬಲಕ್ಕೆ ನಿಂಗಾಜಮ್ಮ.

ನಿಂಗಾಜಮ್ಮನಿಗೂ ನನಗೂ
ಹನ್ನೊಂದು ವರ್ಷದಿಂದ ಮಾತಿಲ್ಲ.
ಆಗ ಹಿಂದಿನ ಸೈಟು ಖಾಲಿ, ಬೆಳಗಿನ ಐದೂವರೆಗೆ ಅಭ್ಯಾಸ.
ಒಂದಿನ ಕೈ ಜಾರಿ
ಇಲ್ಲ, ಜಾರಲಿಲ್ಲ,
ಹುಟ್ಟಿದ್ದಕ್ಕೆ ಅಷ್ಟು ಚೆನ್ನಾಗಿ ಬಿಟ್ಟಿದ್ದು ಅದೊಂದೇ ಸಲ.
ಪೊರಕೆ ಹಿಡಿದವರು ತಲೆ ಎತ್ತಿ ನೋಡುವಷ್ಟರಲ್ಲಿ
ಅವಳ ತಾರಸಿಯ ಟ್ಯಾಂಕು ಸೀಳಿತು;
ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರೋ ದಿವಸ,
ನೀರೆಲ್ಲ ಬೀದಿಗೆ.
ದುಡ್ಡು ಕೊಟ್ಟೆ. ಎಣಿಸಿ ತಗೊಂಡಳು. ಅಷ್ಟೇ.

ಇವರನ್ನ ಬಲ್ಲಿರಾ? ಕಾನ್‌ಸ್ಟೇಬಲ್ ಕೇಳಿದರು.
ಸೆರಗಿಗೆ ಕೈ ಒರೆಸುತ್ತಾ ತಲೆ ಎತ್ತಿದಳು,
ಟ್ಯಾಂಕಿನ ಕರೀ ಮೈಮೇಲೆ ತೇಪೆ ಇನ್ನೂ ಇತ್ತು.
ನಡತೆ ಹೇಗೆ?
ಬಾಯಿ ಜೋರು, ಅಂದಳು ಅವರಿಗೆ.
ಯಾರ ಚಿಲ್ಲರೇನೂ ಇಟ್ಕೊಳೋಳಲ್ಲ.
ನಾಲ್ಕು ಅಕ್ಷರ, ಉಗುರಲ್ಲಿ ಗೀರಿದ ಹಾಗೆ.
ಪೆನ್ನು ಕೊಟ್ಟು ಒಳಗೆ ಹೋದಳು.
ನನ್ನ ಕಡೆ ನೋಡಲಿಲ್ಲ.

ಆಮೇಲೆ ಫೋನು ಮಿಣುಕಿದಾಗೆಲ್ಲ ಎದೆ ಹಾರೋದು.
ಒಂದು ಸಲ ಸೀರೆ ಅಂಗಡಿಯ ಡಿಸ್ಕೌಂಟು.
ಒಂದು ಸಲ ಅಕ್ಕನ ಗುಡ್ ಮಾರ್ನಿಂಗ್ ಗುಲಾಬಿ.

ಎಂಟು ದಿನ ಬಾಕಿ ಇರುವಾಗ
ಮಳವಳ್ಳಿ ಬಸ್ಸಿಗೆ ಅಡ್ಡಲಾಗಿ
ಪೋಸ್ಟಿನ ಮುದ್ದಯ್ಯ ಸೈಕಲ್ ನಿಲ್ಲಿಸಿದ.
ಬೇರೆಯವರ ಕೈಗೆ ಕೊಡೋಹಾಗಿಲ್ಲ ಕಣಕ್ಕ,
ಮನೆಗೆ ಎರಡು ಸಲ ಹೋಗಿ ಬಂದೆ.
ಟಿಕೆಟ್ ಮೆಷಿನ್ನಿನ ಮೇಲೆ ಕಾಗದ ಇಟ್ಟು ಸಹಿ ಮಾಡಿದೆ.
ಡ್ರೈವರ್ರು ಹಾರ್ನ್ ಒತ್ತುತ್ತಲೇ ಇದ್ದ.
ಮುಂದಿನ ಸೀಟಿನ ಅಜ್ಜಿ ಬಗ್ಗಿ ನೋಡಿ
ಬ್ಯಾಂಕ್ ಬುಕ್ಕೇನವ್ವಾ?
ಹೂಂ ಅಜ್ಜಿ, ಇನ್ನೂ ಒಂದು ಪೈಸೆ ಹಾಕಿಲ್ಲ.
ರೈಟ್, ಅಂದೆ.
ಯಾಕೋ ಗಂಟಲು ಕಟ್ಟಿತ್ತು, ಎರಡನೇ ಸಲ ಅನ್ನಬೇಕಾಯಿತು.

ಸಂಜೆ ಬಟ್ಟೆ ಎತ್ತಿಕೊಳ್ಳುವಾಗ ಗೋಡೆಯಾಚೆಯಿಂದ:
ಈಗ ಎಷ್ಟು ದೂರ ಎಸೀತೀಯೇ?

ಇಪ್ಪತ್ತಾರು ಮೀಟರು.

ಸ್ವಲ್ಪ ಹೊತ್ತು ಬಿಂದಿಗೆಗೆ ನೀರು ಬೀಳೋ ಸದ್ದು.
ಅವತ್ತು ಮೂವತ್ತೊಂದಿತ್ತು, ಅಂದಳು.
ಕಂಪ್ಲೇಂಟ್ ಕೊಡೋಣ ಅಂತ
ನನ್ನ ತಮ್ಮನ ಕೈಲಿ ಟೇಪು ಹಿಡಿಸಿದ್ದೆ.