ನೀರು ಕಾಯುವ ಹೊತ್ತು

ಬಿಕರ್ನಕಟ್ಟೆಯ ಐದನೇ ಮಹಡಿಯ ಮೇಲೆ
ಮೊದಲ ಸಲ ಕಂಡೆ:
ಬಲಮೂಲೆ ನಗ್ಗಿದ ಸೋಲಾರ್ ಹಲಗೆ,
ಟ್ಯಾಂಕಿನ ಹೊಟ್ಟೆಯ ಮೇಲೆ
ಯಾರೋ ಮೊಳೆಯಲ್ಲಿ ಗೀಚಿದ ನವಿಲು.
ಬಾಲಕ್ಕೆ ನಾಲ್ಕೇ ಗರಿ.

ಹಲಗೆ ಉಂಟು, ಟ್ಯಾಂಕು ಉಂಟು,
ಮುಖ ತೆಂಕಕ್ಕೆ ಉಂಟು.
ನಮೂನೆಯ ಹನ್ನೊಂದನೇ ಕಾಲಮಿಗೆ ಗೀಟು ಹಾಕಿ
ಇಳಿದೆ.

ಎರಡು ವಾರಕ್ಕೆ ಕೊಟ್ಟಾರ.
ಪಡುಗೋಡೆ ಪೂರಾ ಗಾಜು.
"ಸಮುದ್ರ ಕಾಣ್ಬೇಕಲ್ಲ ಮಾರಾಯ್ರೆ,
ಜನ ದುಡ್ಡು ಕೊಡುವುದೇ ಅದಕ್ಕೆ"
ಎಂದರು ಬಿಲ್ಡರ್ ಕಡೆಯ ಗಾಡ್ವಿನ್ ರೇಗೊ.
ಸಮುದ್ರದ ಜೊತೆ ಬಿಸಿಲೂ ಒಳಗೆ ಬರುತ್ತದೆ,
ನಾಲ್ಕು ಗಂಟೆಗೆ ಈ ಕೋಣೆ
ಕುಚ್ಚಲಕ್ಕಿ ಬೇಯುವ ಹಂಡೆ, ಎಂದೆ.
"ಏಸಿ ಉಂಟಲ್ಲ!"
ಏಸಿಯ ಲೆಕ್ಕಕ್ಕೆ ಬೇರೆ ಕಾಲಂ ಉಂಟು.
ಗಾಜು ಇಳಿಸಿ, ಸಜ್ಜ ಮೂರಡಿ ಚಾಚಿ,
ಎಂದು ಬರೆದು ಮೇಲೆ ಹತ್ತಿದರೆ

ನವಿಲು.

ಗರಿ ಎಣಿಸಿದೆ. ಐದು.
ಹಾಗಾದರೆ ಇದು ಬೇರೆಯದ್ದು,
ಎಂದು ನನಗೆ ನಾನೇ ಹೇಳಿಕೊಂಡೆ.
ನಗ್ಗಿದ ಮೂಲೆಯನ್ನು ನೋಡಲಿಲ್ಲ.

ಕುಳೂರಿನಲ್ಲಿ ಗರಿ ಏಳು.
ಆರನೆಯದು ಯಾರ ಪಾಲಿಗೆ ಬಿತ್ತೋ,
ನಮ್ಮಲ್ಲಿ ಇನ್ಸ್ಪೆಕ್ಷನ್ನಿಗೆ ಹೋಗುವವರು ಮೂರು ಜನ.
ಅಲ್ಲಿ ಅಂಗಳದ ಹಸಿರಿಗೆಂದು
ಮದುವೆ ಹಾಲಿನ ಹೆಸರು ಬರೆದ ಕುಂಡಗಳು ಸಾಲಾಗಿ;
ಇಂಗುಗುಂಡಿಯ ಮುಚ್ಚಳ ಎತ್ತಿದರೆ
ಮುಚ್ಚಳದಷ್ಟೇ ಆಳ.

ಕಚೇರಿಯಲ್ಲಿ ವಾಮನ ಶೇರಿಗಾರರು
ಕನ್ನಡಕ ಒರೆಸುತ್ತಾ ಕೇಳಿದರು:
"ನಕ್ಷೆಯಲ್ಲಿ ಉಂಟಾ?"
ಉಂಟು ಸರ್.
"ಹೋದ ದಿನ ಜಾಗದಲ್ಲಿ ಇತ್ತಾ?"
ಇತ್ತು ಸರ್.
"ಮತ್ತೆ ಎಂತ ನಿನ್ನದು?"

ಎಂತ ನನ್ನದು.
ಮನೆಗೆ ಹೋಗಿ, ಫ್ಯಾನಿನ ಅಡಿ ಬೆವರುತ್ತಾ
ಅದನ್ನೇ ಯೋಚಿಸಿದೆ.

ಬಿಜೈಗೆ ಒಂದು ದಿನ ಮೊದಲೇ ಹೋದೆ, ಹೇಳದೆ.
ಏಪ್ರಿಲಿನ ಮಧ್ಯಾಹ್ನ, ಚಪ್ಪಲಿ ದಾಟಿ ಸುಡುವ ಟೆರೇಸು.
ಹಲಗೆಯ ಕಾಲಿಗೆ ನಟ್ಟು ಬಿಗಿದು
ಹುಡುಗನೊಬ್ಬ ಟ್ಯಾಂಕಿನ ಅಡಿ ಮಲಗಿ
ಎಂಟನೇ ಗರಿ ಗೀಚುತ್ತಿದ್ದ.

"ನಾಳಿ ಬರೋರಿದ್ರಲ್ರಿ ಮೇಡಂ!"
ಮಸ್ಕಿ ಕಡೆಯವನು. ಯಂಕೋಬ.
ಹುಬ್ಬಿನಲ್ಲೂ ಸಿಮೆಂಟು.

ಇದು ಯಾಕೆ, ಎಂದು ಗರಿಗೆ ಬೆರಳಿಟ್ಟೆ.
"ಬಿಲ್ಡಿಂಗಿಗೆ ಒಂದ್ರಿ. ಲೆಕ್ಕ ಮರೀಬಾರ್ದಲ್ಲ."
ಲೆಕ್ಕ ಇಟ್ಟವನು ಇವನೊಬ್ಬನೇ.

"ಇಟ್ಟು ಬಿಚ್ಚೂದರಾಗ ಒಂದು ಸಂಜಿ ಸಿಗತದ್ರಿ.
ಅವತ್ತ ನಾವೆಲ್ಲ ಬಿಸಿನೀರಾಗ ಮೈ ತೊಳಕೋತೀವಿ.
ಸಿಮೆಂಟು, ತಣ್ಣೀರಿಗೆ ಬಿಡಂಗಿಲ್ರಿ."

ನಳ್ಳಿ ತಿರುಗಿಸು, ಎಂದೆ.
ತಣ್ಣಗೆ ಬಂತು.
"ಈಗಷ್ಟೇ ಇಟ್ಟೀವಿ. ಸಂಜಿ ತನ ತಡೀರಿ,
ನೀರು ಕಾಯ್ತಾವ."

ನಾನೂ ಕಾದೆ.
ಗಾಜುಗಳು ಇನ್ನೂ ಮರದ ಪೆಟ್ಟಿಗೆಯೊಳಗೆ
ಹುಲ್ಲು ಹೊದ್ದು ನಿಂತಿದ್ದವು.
ಕಡತ ಮಡಿಲಲ್ಲಿ, ಹನ್ನೊಂದನೇ ಕಾಲಂ ಖಾಲಿ.
ಬಿಸಿಲು ಹಲಗೆಯಿಂದ ನನ್ನ ಮಂಡಿಗೆ,
ಮಂಡಿಯಿಂದ ನೀರಿನ ಪೈಪಿಗೆ ಜಾರಿ
ಕಡಲ ಕಡೆ ಹೊರಟಿತು.

ಆರಕ್ಕೆ ಮೇಲೆ ಬಂದರು ಒಬ್ಬೊಬ್ಬರೇ.
ಪೇಂಟಿನ ಡಬ್ಬ, ಕೈ ಮುರಿದ ಬಕೆಟು, ಒಂದು ಕೊಡಪಾನ.
ನನ್ನನ್ನು ಕಂಡು ಮೆಟ್ಟಿಲಲ್ಲೇ ನಿಂತರು.
ಹೆಂಗಸೊಬ್ಬಳು ಸೆರಗಿನಡಿ ಸೋಪು ಬಚ್ಚಿಟ್ಟಳು.

ನಾನು ಬರೆದರೆ
ಇಲ್ಲಿಗೆ ಹೊಸ ಹಲಗೆ ಬರುತ್ತದೆ, ಬರಲೇಬೇಕು,
ಜೊತೆಗೆ ಟೆರೇಸಿನ ಬಾಗಿಲಿಗೆ ಬೀಗ.
ಬರೆಯದಿದ್ದರೆ ಒಂಬತ್ತನೆಯ ಗರಿ.

ಯಂಕೋಬ ನಳ್ಳಿ ಬಿಟ್ಟ.
ಡಬ್ಬದಿಂದ ಆವಿ ಎದ್ದಿತು.

"ಇದು ಈ ಕಟ್ಟಡದ್ದಲ್ಲ" ಎಂದು
ಬರೆದೆ.
ಕೊನೆಯ ಕೊಡಪಾನ ಇಳಿದ ಮೇಲೆ,
ಮೊಬೈಲಿನ ಬೆಳಕಿನಲ್ಲಿ.