ಪೆನ್ಸಿಲ್ ಚುಕ್ಕೆ

ಐನೂರು ವಿಕೆಟ್ ಆದವರಿಗೆ ಮಾತ್ರ ಗೋಡೆಯ ಮೇಲೆ ಫೋಟೋ,
ಅಂತಾರೆ ಅಧ್ಯಕ್ಷರು, ಬೋಂಡಾ ಮುರಿಯುತ್ತ.
ಪಿಳ್ಳಪ್ಪನದು ನಾನೂರ ತೊಂಬತ್ತೇಳು.
ಲೆಕ್ಕ ನನ್ನದೇ. ಹತ್ತೊಂಬತ್ತು ವರ್ಷ
ಆಸ್ಟಿನ್ ಟೌನ್ ಮೈದಾನದ ಬೇವಿನ ಕೆಳಗೆ
ಕೂತು ಬರೆದವನು ನಾನು.

ಐಟಿಐ ರಾತ್ರಿಪಾಳಿ ಮುಗಿಸಿ
ಬಸ್ಸಲ್ಲೇ ನಿದ್ದೆ ಮಾಡಿ ಬರುತ್ತಿದ್ದ,
ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು.
ಮ್ಯಾಟಿನ ಮೇಲೆ ಅವನ ಚೆಂಡು
ಹೊರಟೇ ಹೋಯಿತು ಅನ್ನುವಷ್ಟರಲ್ಲಿ
ಕೊಡೆ ಮರೆತವರ ಹಾಗೆ
ಒಳಗೆ ತಿರುಗುತ್ತಿತ್ತು.

ಹೋದ ಭಾನುವಾರ ಓವರಿಗೆ ಮುಂಚೆ
ಎಂದಿನಂತೆ ಅಂಪೈರ್ ಕೈಗೆ ಕ್ಯಾಪ್ ಕೊಟ್ಟ.
ಮುಗಿದ ಮೇಲೆ ಭುಜ ಹಿಡಿದುಕೊಂಡು ನಡೆದ,
ವಾಪಸ್ ಕೇಳಲಿಲ್ಲ.

ಮೂರೇ ಕಮ್ಮಿ, ಆದರೂ ನಿಯಮ ನಿಯಮವೇ, ಅಂತಾರೆ.
ನಾನು ಹಳೇ ಸ್ಕೋರ್ ಪುಸ್ತಕ ತೆರೆಯುತ್ತೇನೆ.
ಅಂಚಿನಲ್ಲಿ ಪೆನ್ಸಿಲ್ ಚುಕ್ಕೆಗಳು: ಕೈಬಿಟ್ಟ ಕ್ಯಾಚು.
ಯಾರೂ ಬರೆಯಲು ಹೇಳದ ಲೆಕ್ಕ.
ಒಂದಕ್ಕೂ ಪಿಳ್ಳಪ್ಪ ಬೈದವನಲ್ಲ,
ಪ್ಯಾಂಟಿಗೆ ಚೆಂಡು ಉಜ್ಜಿ
ಮತ್ತೆ ಹಿಂದಕ್ಕೆ ನಡೆಯುತ್ತಿದ್ದ, ಅಷ್ಟೇ.

ಮೊದಲ ಸ್ಲಿಪ್ಪಿನಲ್ಲಿ ಹನ್ನೊಂದು.
ಆಗ ಅಲ್ಲಿ ನಿಲ್ಲುತ್ತಿದ್ದವರು
ಈಗ ಇನ್ನೊಂದಿಷ್ಟು ಚಟ್ನಿ ಕೇಳುತ್ತಿದ್ದಾರೆ.