ಕಚ್ಚಿದ ಗಾಯ

ಮುಂಗುಸಿಯೇ ಇರಬೇಕು.
ನಾಯಿಯಾಗಿದ್ದರೆ ಏನೂ ಉಳಿಸುತ್ತಿರಲಿಲ್ಲ,
ಹದ್ದಾಗಿದ್ದರೆ ಎತ್ತಿಕೊಂಡೇ ಹೋಗುತ್ತಿತ್ತು.
ಬೆಳಗಿನ ಪಾಳಿ ಮುಗಿಸಿ ಝುವಾರಿನಗರದ ದಿಬ್ಬ ಹತ್ತಿ ಬಂದರೆ
ಬಾಗಿಲಲ್ಲಿ ಪುಕ್ಕ, ಚರಂಡಿಯ ಅಂಚಿಗೆ ಪುಕ್ಕ,
ಅಡ್ಡ ಮಲಗಿಸಿದ ಹಳೇ ಫ್ರಿಜ್ಜಿನೊಳಗೆ
(ನಮ್ಮ ಕೋಳಿಗೂಡು ಅದೇ)
ತರಕಾರಿ ಇಡುವ ಮೂಲೆಗೆ ಒತ್ತಿಕೊಂಡು ಕೆಂಚಿ.
ಬೆನ್ನಿನ ತೊಗಲು ಅಂಗಿಯ ಕಿಸೆಯ ಹಾಗೆ ತೆರೆದಿತ್ತು.
ಜೊತೆಯ ಮೂರು ಹೇಂಟೆ ಸುತ್ತ ನಿಂತು
ಅದನ್ನೇ ಕುಕ್ಕುತ್ತಿದ್ದವು.
ಹಗೆಯಿಲ್ಲ ಏನಿಲ್ಲ. ಕೆಂಪು ಕಂಡರೆ ಕುಕ್ಕುವುದು, ಅಷ್ಟೆ.

ಮೊದಲು ಅವನ್ನು ಅಟ್ಟಿದೆ.
ಆಮೇಲೆ ಟವೆಲ್ಲು. ತಲೆ ಮುಚ್ಚಬೇಕು,
ಕತ್ತಲಾಯಿತೆಂದರೆ ಕೋಳಿ ಅರ್ಧ ನೋವು ಮರೆಯುತ್ತದೆ.
ಮಗಳು ತೊಡೆಯ ಮೇಲಿಟ್ಟುಕೊಂಡು ಕೂತಳು.
ಮನೆಯಲ್ಲಿ ಈರವ್ವ, ನನ್ನ ಅತ್ತೆಯ ಹೆಸರು;
ಶಾಲೆಯಲ್ಲಿ ತಾನೇ ಕತ್ತರಿಸಿಕೊಂಡು ಇರಾ.

ಗೋಡೆಯಾಚೆಯಿಂದ ಪಿಯೆದಾದ್ ಬಾಯಿ
ಕಾಜು ಫೆನಿಯ ಬಾಟಲಿಯೊಂದಿಗೆ ಬಂದಳು:
ತೊಳಿ ಇದರಿಂದ, ನಮ್ಮಪ್ಪ ಕುದುರೆಗೂ ಇದನ್ನೇ ಹಾಕಿದ್ದು.
ಉರಿಯುತ್ತದೆ ಬಾಯಿ, ಎಂದೆ.
ಬಾಟಲಿ ನೋಡಿದಳು, ಕೋಳಿ ನೋಡಿದಳು,
ಅದರ ಪರವಾಗಿ ತಾನೇ ಒಂದು ಗುಟುಕು ಕುಡಿದಳು.

ಕುದಿಸಿ ಆರಿಸಿದ ಉಪ್ಪುನೀರು.
ಸುತ್ತಲಿನ ಪುಕ್ಕ ಕತ್ತರಿಸಿ
ಅಂಚು ಕಾಣುವವರೆಗೆ ತೊಳೆದೆ, ಮತ್ತೆ ತೊಳೆದೆ.
ಆಮೇಲೆ ಕೈ ತಾನಾಗಿ ಸೂಜಿಗೆ ಹೋಯಿತು.
ರವಿಕೆ ಹೊಲಿದು ಮನೆ ನಡೆಸಿದ ಕೈ,
ಹರಿದದ್ದು ಕಂಡರೆ ಸುಮ್ಮನಿರದು.
ದಾರ ಪೋಣಿಸಿದ್ದೂ ಆಗಿತ್ತು.

ಆಗ ನೆನಪಾದದ್ದು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆ.
ನಾಯಿ ಕಚ್ಚಿದವರು ಬಂದಾಗ ಟ್ರೇ ಹಿಡಿದು ನಿಲ್ಲುವ ಆಯಾ ನಾನು;
ಡಾಕ್ಟರು ಹೊಸ ಹುಡುಗರಿಗೆ ದಿನಾ ಹೇಳುವುದೊಂದೇ,
ಕಚ್ಚಿದ ಗಾಯಕ್ಕೆ ಹೊಲಿಗೆಯ ಅವಸರ ಬೇಡ,
ಮೇಲೆ ಮುಚ್ಚಿದರೆ ಹಲ್ಲಿನ ಹೊಲಸು ಒಳಗೇ ಉಳಿಯುತ್ತದೆ.

ಸೂಜಿ ಸೆರಗಿಗೆ ಚುಚ್ಚಿಕೊಂಡೆ.

ಮಗಳು ಹೇಳಿದ್ದು ಆ ಹೊತ್ತಿಗೆ.
ನನಗಲ್ಲ, ಟವೆಲ್ಲಿನೊಳಗಿನ ಕೆಂಚಿಗೆ:
"ಮೊನ್ನೆ ನನಗ ಘಾಂಟಿ ಅಂದ್ರು.
ಬಸ್ಸಿನ್ಯಾಗ. ಎಲ್ಲಾರೂ ನಕ್ರು.
ನಾನೂ ನಕ್ಕೆ."

ಘಟ್ಟ ಇಳಿದು ಬಂದವರಿಗೆ ಇಲ್ಲಿ ಇಟ್ಟ ಹೆಸರು.
ನಾನು ಬಂದ ವರ್ಷವೇ ಕೇಳಿದ್ದೆ, ಮೀನು ಪೇಟೆಯಲ್ಲಿ,
ಬಂಗಡೆಯ ರೇಟು ಕೇಳಿದ್ದಕ್ಕೆ.
"ಬಿಡವಾ, ಕಿವ್ಯಾಗ ಹಾಕ್ಕೋಬ್ಯಾಡ"
ನಾಲಿಗೆಯ ತುದಿಯಲ್ಲಿ ಆ ದಾರವೂ ಪೋಣಿಸಿಯೇ ಇತ್ತು.
ಅದೇ ದಾರದಲ್ಲಿ ನನ್ನದನ್ನು ಹೊಲಿದು ಹದಿನೆಂಟು ವರ್ಷ.
ಇವತ್ತೂ ಮೀನು ಪೇಟೆಯಲ್ಲಿ ರೇಟು ಕೇಳುವುದಿಲ್ಲ ನಾನು,
ಹೇಳಿದಷ್ಟು ಕೊಟ್ಟು ಬರುತ್ತೇನೆ.

"ಯಾರಂದ್ರು? ಮೊದಲಿಂದ ಹೇಳು," ಎಂದೆ.

ಹೇಳಿದಳು. ನಡುವೆ ದಾಬೋಳಿಗೆ ಇಳಿಯುವ ವಿಮಾನ
ತಗಡುಗಳನ್ನು ನಡುಗಿಸುತ್ತ ಹೋಯಿತು.
ಅದು ಹೋಗುವತನಕ ನಿಲ್ಲಿಸಿ
ಬಿಟ್ಟ ಜಾಗದಿಂದ ಮತ್ತೆ ಹೇಳಿದಳು.
ಪಿಯೆದಾದ್ ಬಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಳು.
ಅವಳಿಗೆ ಕನ್ನಡ ಬಾರದು,
ಆ ಒಂದು ಶಬ್ದ ಗೊತ್ತಿತ್ತು.

ಕೊನೆಗೆ ನೇರಳೆ ಬಣ್ಣದ ಔಷಧ.
ಕೊಲ್ಲುತ್ತದೆ ಕ್ರಿಮಿಯನ್ನು, ಅದು ಸರಿ;
ಅದಕ್ಕಿಂತ ಹೆಚ್ಚಾಗಿ ಕೆಂಪನ್ನು ಮರೆಸುತ್ತದೆ
ಕುಕ್ಕುವವರ ಕಣ್ಣಿಗೆ.
ಹಾಗಂತ ಆ ದಿನವೇ ಜೊತೆಗೆ ಬಿಡಲಿಲ್ಲ.
ರಟ್ಟಿನ ಪೆಟ್ಟಿಗೆಯಲ್ಲಿ, ನಮ್ಮ ಮಂಚದ ಕೆಳಗೆ,
ನೆನೆಸಿದ ಅಕ್ಕಿನುಚ್ಚು, ಬೆಲ್ಲದ ನೀರು,
ದಿನಕ್ಕೆರಡು ಸಲ ತೊಳೆಯುವುದು.
ತೊಳೆಯುವಾಗೆಲ್ಲ ಈರವ್ವ ಒಂದಿಷ್ಟು ಹೇಳುವಳು.
ಕೆಲವು ದಿನ ಏನೂ ಹೇಳುತ್ತಿರಲಿಲ್ಲ.

ಮೂರನೆಯ ದಿನ ವಾಸನೆ ಬಂತು, ಹೆದರಿದೆ.
ಐದಕ್ಕೆ ಅಂಚು ಒಣಗಿತು.
ಮೂರು ವಾರಕ್ಕೆ ಬೆನ್ನ ಮೇಲೆ
ಪೆನ್ನಿನ ರಿಫಿಲ್ಲಿನಂಥ ಹೊಸ ಪುಕ್ಕದ ಮೊನೆ.

ಔಷಧದ ಕಲೆ ಮಗಳ ಬೆರಳಿಗೂ ಹತ್ತಿತ್ತು.
ಶಾಲೆಯಲ್ಲಿ ಟೀಚರು ಕೈ ಹಿಡಿದು ನೋಡಿ ಕೇಳಿದರಂತೆ,
ಏನಮ್ಮ, ಓಟು ಹಾಕಿ ಬಂದೆಯಾ? ಯಾವ ಊರಿಗೆ?
"ಇದೇ ಊರಿಗೆ," ಅಂದಳಂತೆ.
"ನಮ್ಮ ಕೋಳಿ ನಿಂತಿತ್ತು."